ನಮ್ಮ ಮಗಳ ತಲೆಯ ಹಿಂದಿನ ಪುಟ್ಟ ಕುಳಿಯನ್ನು ಗಮನಿಸಿದವರಿಗೆ

ಮಗಳ ಎಂಆರ್‌ಐ ರಿಪೋರ್ಟ್ ಬಂತು. ತಲೆಯ ಹಿಂದಿನ ಕುಳಿಯಿಂದ ಸೋಂಕು ಒಳಗೆ ಹೋಗಿ ಮೆದುಳಿನಲ್ಲಿ ಕಟ್ಟಿದ್ದ ಕೀವು ಈಗ ಇಲ್ಲ, ಆಂಟಿಬಯೋಟಿಕ್ ನಿಲ್ಲಿಸಿದ್ದಾರೆ. ಇಷ್ಟು ದಿನ ವಿಚಾರಿಸಿಕೊಂಡ ಎಲ್ಲರಿಗೂ ಇಲ್ಲೇ ಹೇಳುತ್ತಿದ್ದೇನೆ.

ಮೊದಲ ಧನ್ಯವಾದ ಆಸ್ಪತ್ರೆಯ ಆ ನರ್ಸ್ ಸಿಸ್ಟರ್‌ಗೆ. ಮಗು ಹಾಲು ಕುಡಿಯುತ್ತಿರಲಿಲ್ಲ, ವಾಂತಿ ಮಾಡುತ್ತಿತ್ತು, ನೆತ್ತಿ ಉಬ್ಬಿತ್ತು. ಜ್ವರ ಮಾತ್ರ ಅಷ್ಟೇನೂ ಇರಲಿಲ್ಲ. ತಲೆಯ ಸುತ್ತಳತೆ ತೆಗೆಯಲು ಟೇಪ್ ಸುತ್ತುವಾಗ ಅವರ ಬೆರಳಿಗೆ ಹಿಂಭಾಗದಲ್ಲಿ ಏನೋ ಒದ್ದೆ ತಾಗಿತು. ಕೂದಲು ಸರಿಸಿ ನೋಡಿದರು. ಸಣ್ಣ ಕುಳಿ, ಒಳಗಿಂದ ಎರಡು ಕೂದಲೆಳೆ. "ಇದು ಹುಟ್ಟಿದಾಗಿನಿಂದ ಇದೆಯಾ?" ಅಂತ ಕೇಳಿ, ನಾವು ಹೌದು ಅನ್ನುತ್ತಲೇ ಡಾಕ್ಟರನ್ನು ಕರೆದರು. ಬೆನ್ನಿನಿಂದ ನೀರು ತೆಗೆಯಬೇಕು ಅಂತಿದ್ದವರು ಅದನ್ನು ನಿಲ್ಲಿಸಿ ಮೊದಲು ಸ್ಕ್ಯಾನ್ ಮಾಡಿಸಿದರು. ಒಳಗೆ ಕೀವು ತುಂಬಿ ಒತ್ತಡ ಜಾಸ್ತಿ ಇರುವಾಗ ಬೆನ್ನಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರಿ ಜೀವಕ್ಕೇ ಅಪಾಯವಾಗಬಹುದಂತೆ.

ಆ ಕುಳಿಯ ಹೆಸರು ಡರ್ಮಲ್ ಸೈನಸ್. ಗರ್ಭದಲ್ಲಿ ಚರ್ಮ ಮತ್ತು ಮೆದುಳು ಬೇರೆಬೇರೆಯಾಗುವಾಗ ಒಂದು ಕಡೆ ಪೂರ್ತಿ ಬಿಡಿಸಿಕೊಳ್ಳದೆ, ದಾರದಂಥ ಕೊಳವೆ ಉಳಿದುಬಿಡುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ ಅದೇ ದಾರಿ. ನ್ಯೂರೋಸರ್ಜನ್ ಇದನ್ನೆಲ್ಲ ಹಾಳೆಯ ಮೇಲೆ ಬರೆದು, ನಮಗೆ ಅರ್ಥವಾಗುವವರೆಗೂ ಕೂತು ಹೇಳಿದರು. ಬರೀ ಕೀವು ತೆಗೆದರೆ ಸಾಲದು, ಕೊಳವೆ ಮತ್ತು ಅದರ ತುದಿಯ ಗಂಟು ಉಳಿದರೆ ಮತ್ತೆ ಕೀವು ಕಟ್ಟುತ್ತದೆ ಅಂದರು. ಎರಡನ್ನೂ ಪೂರ್ತಿ ತೆಗೆದರು. ಅವರ ಕೈಗೆ ನಮ್ಮ ನಮಸ್ಕಾರ.

ನಾವು ಮುಖವನ್ನೇ ನೋಡದ ಲ್ಯಾಬ್‌ನವರೂ ಇದ್ದಾರೆ. ಕೀವಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದೆ ಅಂತ ಅವರು ಕಂಡುಹಿಡಿದದ್ದರಿಂದಲೇ ಅದಕ್ಕೆ ತಕ್ಕ ಔಷಧಿ ಕೊಡುವುದು ಸಾಧ್ಯವಾಯಿತು. ಸಾಮಾನ್ಯವಾಗಿ ಇದಕ್ಕೆ 6ರಿಂದ 8 ವಾರ ನರದ ಮೂಲಕವೇ ಔಷಧಿ ಹೋಗಬೇಕು. ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕುವುದು, ಹಾಕಿದ ಲೈನ್‌ಗೆ ಸೋಂಕು ತಗಲದಂತೆ ಕಾಯುವುದು, ಮಗುವಿನ ತೂಕ ಬದಲಾದ ಹಾಗೆ ಡೋಸ್ ಮತ್ತೆ ಲೆಕ್ಕ ಹಾಕುವುದು, ಅದೂ ನಡುರಾತ್ರಿಯಲ್ಲಿ! ಆಪರೇಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಈ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ನಮ್ಮ ಮಗು ಉಳಿದದ್ದರಲ್ಲಿ ಅರ್ಧ ಪಾಲು ಈ ಕೆಲಸ ಮಾಡಿದವರದ್ದೇ.

ದೊಡ್ಡ ಮಗನನ್ನು ತಮ್ಮ ಮಗನಂತೆ ನೋಡಿಕೊಂಡ ಅಕ್ಕ, ಭಾವ, ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಪುಟ್ಟ ಮಕ್ಕಳಿರುವವರಿಗೆ ಒಂದು ಮಾತು. ತಲೆಯ ಹಿಂದೆ, ಮೂಗಿನ ಮೇಲೆ ಅಥವಾ ಬೆನ್ನಿನ ನಡುಗೆರೆಯಲ್ಲಿ ಕುಳಿ ಇದ್ದರೆ, ಅದರಿಂದ ಕೂದಲು ಬಂದಿದ್ದರೆ ಅಥವಾ ಏನಾದರೂ ಒಸರುತ್ತಿದ್ದರೆ ಹಿಸುಕಬೇಡಿ, ಡಾಕ್ಟರಿಗೆ ತೋರಿಸಿ. ಪೃಷ್ಠದ ಸೀಳಿನೊಳಗಿನ ಸಣ್ಣ ಕುಳಿ ಹೆಚ್ಚಾಗಿ ಏನೂ ಮಾಡುವುದಿಲ್ಲ, ಆದರೂ ಒಮ್ಮೆ ಕೇಳಿದರೆ ನಷ್ಟವಿಲ್ಲ ಅಲ್ವಾ? ಇದೇ ತೊಂದರೆಗೆ ಯಾರಾದರೂ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕೂತಿದ್ದರೆ ನನಗೆ ಬರೆಯಿರಿ, ರಾತ್ರಿಯಾದರೂ ಸರಿ, ಉತ್ತರ ಕೊಡುತ್ತೇನೆ.