ಬಡಗಿ ಇರುವೆ: ಔಷಧಿಗಿಂತ ಮೊದಲು ಗೂಡು, ಗೂಡಿಗಿಂತ ಮೊದಲು ತೇವ

ಸಂಪಾದಕರಿಗೆ,

ಮಾನ್ಯರೇ,

ಗೋಡೆಯಂಚಿನಲ್ಲಿ ದೊಡ್ಡ ಇರುವೆಗಳು ಕಾಣಿಸಿಕೊಂಡ ಕೂಡಲೇ ಸ್ಪ್ರೇ ಡಬ್ಬಿಯನ್ನು ಕೈಗೆತ್ತಿಕೊಳ್ಳುವುದು ಬಹಳಷ್ಟು ಮನೆಗಳ ರೂಢಿ. ಸಕ್ಕರೆ ಡಬ್ಬಿಗೆ ಮುತ್ತುವ ಸಣ್ಣ ಇರುವೆಗಳಾದರೆ ಇದರಿಂದ ದೊಡ್ಡ ನಷ್ಟವೇನೂ ಆಗಲಿಕ್ಕಿಲ್ಲ. ಆದರೆ ಮರವನ್ನು ಕೊರೆದು ಅದರೊಳಗೆ ಗೂಡು ಮಾಡುವ ಬಡಗಿ ಇರುವೆಗಳ ವಿಷಯದಲ್ಲಿ ಈ ಅವಸರವೇ ಮನೆಗೆ ಮುಳುವಾಗುತ್ತದೆ. ಕಣ್ಣಿಗೆ ಬಿದ್ದ ಇರುವೆಗಳು ಸಾಯುತ್ತವೆ, ಮನೆಯವರಿಗೆ ಕೆಲಸ ಮುಗಿದಂತೆ ಅನ್ನಿಸುತ್ತದೆ, ಗೋಡೆಯ ಹಿಂದೆ ಕೊರೆತ ಮಾತ್ರ ನಿಲ್ಲದೆ ಸಾಗುತ್ತದೆ. ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನಾಗಿ ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಲು ಬಯಸುತ್ತೇನೆ.

ಬಡಗಿ ಇರುವೆಗಳು ಕ್ಯಾಂಪೊನೋಟಸ್ ಎಂಬ ಕುಲಕ್ಕೆ ಸೇರಿದವು. ಈ ಕುಲದಲ್ಲಿ 1000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಪ್ರಪಂಚದ ಬಹುತೇಕ ಎಲ್ಲ ಭಾಗಗಳಲ್ಲೂ ಇವು ಕಂಡುಬರುತ್ತವೆ. ಎಲ್ಲವೂ ಮರದಲ್ಲೇ ವಾಸಿಸುವುದಿಲ್ಲ. ಎಷ್ಟೋ ಪ್ರಭೇದಗಳು ನೆಲದೊಳಗೆ ಗೂಡು ಕಟ್ಟಿಕೊಂಡು, ಆಹಾರಕ್ಕಾಗಿ ಮಾತ್ರ ಮನೆಯೊಳಗೆ ಬಂದು ಹೋಗುತ್ತವೆ. ಹಾಗಾಗಿ ಒಂದೆರಡು ಗೊದ್ದಗಳು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಅವು ರಾತ್ರಿಯ ಹೊತ್ತು ಗುಂಪಾಗಿ ಓಡಾಡುತ್ತಿದ್ದರೆ, ಒಂದೇ ಬಿರುಕಿನಿಂದ ಪದೇಪದೇ ಹೊರಬರುತ್ತಿದ್ದರೆ, ಅಥವಾ ರೆಕ್ಕೆಯಿರುವ ಇರುವೆಗಳು ಮನೆಯೊಳಗಿನಿಂದಲೇ ಹೊರಟು ಕಿಟಕಿಯ ಬಳಿ ಸೇರುತ್ತಿದ್ದರೆ, ಗೂಡು ಕಟ್ಟಡದೊಳಗೇ ಇದೆಯೆಂದು ಶಂಕಿಸಬೇಕಾಗುತ್ತದೆ. ಒಂದು ಗೂಡು ರೆಕ್ಕೆಯ ಇರುವೆಗಳನ್ನು ಹೊರಬಿಡುವಷ್ಟು ಬಲಿಯಲು ಸಾಮಾನ್ಯವಾಗಿ ಕೆಲವು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಅವು ಕಂಡಾಗ ಸಮಸ್ಯೆ ಈಗ ತಾನೇ ಆರಂಭವಾಗಿದೆಯೆಂದು ತಿಳಿಯಬಾರದು.

ರೆಕ್ಕೆಯ ಹುಳುಗಳನ್ನು ಕಂಡವರು ಇವನ್ನು ಗೆದ್ದಲೆಂದು ಭಾವಿಸುವುದು ಬಹಳ ಸಾಮಾನ್ಯ. ಗೆದ್ದಲಿಗೆ ಮಾಡುವ ಚಿಕಿತ್ಸೆಯನ್ನು ಇರುವೆಗೂ ಮಾಡಿದರೆ ಹಣವೂ ಶ್ರಮವೂ ವ್ಯರ್ಥವಾಗುವುದರಿಂದ, ಈ ಎರಡರ ವ್ಯತ್ಯಾಸವನ್ನು ಮನೆಯವರೇ ತಿಳಿದಿರುವುದು ಒಳ್ಳೆಯದು. ಇರುವೆಯ ಸೊಂಟ ಸಣ್ಣದಾಗಿ ಒಳಸರಿದಿರುತ್ತದೆ, ಮೀಸೆಗಳು ಮೊಣಕೈಯಂತೆ ಬಾಗಿರುತ್ತವೆ, ಮುಂದಿನ ರೆಕ್ಕೆಗಳು ಹಿಂದಿನವುಗಳಿಗಿಂತ ಉದ್ದವಾಗಿರುತ್ತವೆ. ಗೆದ್ದಲಿಗೆ ಸೊಂಟವೆಂಬುದೇ ಕಾಣುವುದಿಲ್ಲ, ಮೀಸೆಗಳು ನೇರವಾಗಿರುತ್ತವೆ, ನಾಲ್ಕು ರೆಕ್ಕೆಗಳೂ ಸಮನಾಗಿರುತ್ತವೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ: ಗೆದ್ದಲು ಮರವನ್ನು ತಿನ್ನುತ್ತದೆ, ಬಡಗಿ ಇರುವೆ ತಿನ್ನುವುದಿಲ್ಲ. ಅದು ಮರವನ್ನು ಕಚ್ಚಿ ಕೊರೆದು, ಉದುರಿದ ಚೂರುಗಳನ್ನು ಹೊತ್ತು ತಂದು ಗೂಡಿನ ಹೊರಗೆ ಸುರಿಯುತ್ತದೆ. ಚೌಕಟ್ಟಿನ ಕೆಳಗೋ ಹಲಗೆಯ ಸಂದಿನ ಕೆಳಗೋ ಮರದ ಪುಡಿಯ ಸಣ್ಣ ಗುಡ್ಡೆ ಕಂಡು, ಅದರಲ್ಲಿ ಸತ್ತ ಹುಳುಗಳ ಕಾಲು ತಲೆಗಳ ತುಣುಕುಗಳೂ ಬೆರೆತಿದ್ದರೆ ಅದು ಈ ಇರುವೆಗಳ ಕೆಲಸವೆಂದು ಬಹುಮಟ್ಟಿಗೆ ನಂಬಬಹುದು. ಅಂಥ ಮರವನ್ನು ಸೀಳಿ ನೋಡಿದರೆ, ಒಳಗಿನ ದಾರಿಗಳು ಉಜ್ಜುಕಾಗದದಿಂದ ತಿಕ್ಕಿದ ಹಾಗೆ ನುಣುಪಾಗಿ, ಚೊಕ್ಕಟವಾಗಿ ಇರುತ್ತವೆ. ಗೆದ್ದಲಿನ ದಾರಿಗಳಲ್ಲಾದರೋ ಮಣ್ಣು ಮೆತ್ತಿಕೊಂಡಿರುವುದನ್ನು ಸಾಮಾನ್ಯವಾಗಿ ಕಾಣಬಹುದು.

ಸ್ಪ್ರೇ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಗೂಡಿನ ವ್ಯವಸ್ಥೆಯಲ್ಲೇ ಇದೆ. ಆಹಾರ ಹುಡುಕಲು ಹೊರಬರುವ ಇರುವೆಗಳು ಒಟ್ಟು ಸಂಖ್ಯೆಯಲ್ಲಿ ಒಂದು ಸಣ್ಣ ಪಾಲು ಮಾತ್ರ. ರಾಣಿ, ಮೊಟ್ಟೆಗಳು, ಮರಿಹುಳುಗಳು ಮತ್ತು ಅವುಗಳ ಆರೈಕೆ ಮಾಡುವ ಕೆಲಸಗಾರ ಇರುವೆಗಳು ಒಳಗೇ ಇರುತ್ತವೆ. ಅದೂ ಅಲ್ಲದೆ, ಬಲಿತ ಸಮೂಹಕ್ಕೆ ಒಂದೇ ಗೂಡಿರುವುದು ಅಪರೂಪ. ರಾಣಿಯಿರುವ ಮೂಲ ಗೂಡು ತೇವವಿರುವ ಜಾಗದಲ್ಲಿರುತ್ತದೆ, ಏಕೆಂದರೆ ತೇವವಿಲ್ಲದಿದ್ದರೆ ಮೊಟ್ಟೆಗಳು ಒಣಗಿಹೋಗುತ್ತವೆ. ಬೆಳೆದ ಮರಿಹುಳುಗಳನ್ನೂ ಕೋಶಾವಸ್ಥೆಯಲ್ಲಿರುವವುಗಳನ್ನೂ ಇರಿಸುವ ಉಪಗೂಡುಗಳಿಗೆ ಅಷ್ಟು ತೇವ ಬೇಕಿಲ್ಲವಾದ್ದರಿಂದ ಅವು ಒಣಗಿದ ಜಾಗಗಳಲ್ಲೂ, ಬಾಗಿಲ ಹಲಗೆಗಳ ನಡುವಿನ ಪೊಳ್ಳಿನಲ್ಲೂ, ಗೋಡೆಯ ಟೊಳ್ಳಿನಲ್ಲೂ ಇರಬಹುದು. ಮನೆಯೊಳಗಿರುವುದು ಉಪಗೂಡಾಗಿದ್ದು, ಮೂಲ ಗೂಡು ಹೊರಗಿನ ಹಳೆಯ ಮರದಲ್ಲೋ ಕೊಳೆತ ಬುಡದಲ್ಲೋ ಇರುವುದುಂಟು. ಅಂಥ ಕಡೆ ಒಳಗಿನ ಗೂಡನ್ನಷ್ಟೇ ನಾಶ ಮಾಡಿದರೆ ಸ್ವಲ್ಪ ಕಾಲದಲ್ಲೇ ಹೊರಗಿನಿಂದ ಮತ್ತೆ ಇರುವೆಗಳು ಬಂದು ನೆಲೆಸುತ್ತವೆ.

ಹೀಗಾಗಿ ಮೊದಲ ಕೆಲಸ ಹುಡುಕುವುದು. ಇದಕ್ಕೆ ತಾಳ್ಮೆ ಬೇಕು, ದುಬಾರಿ ಸಲಕರಣೆಗಳೇನೂ ಬೇಕಿಲ್ಲ. ಕತ್ತಲಾದ ಮೇಲೆ, ಇರುವೆಗಳು ಓಡಾಡುವ ಹೊತ್ತಿನಲ್ಲಿ, ಅವು ಬರುವ ದಾರಿಯ ಮಗ್ಗುಲಲ್ಲಿ ಒಂದು ಹನಿ ಜೇನನ್ನಿಟ್ಟು ಕಾಯಬೇಕು. ಹೊಟ್ಟೆ ತುಂಬಿದ ಇರುವೆ ಅಲೆದಾಡುವುದಿಲ್ಲ, ನೇರವಾಗಿ ಗೂಡಿಗೆ ಮರಳುತ್ತದೆ. ಅದನ್ನು ಹಿಂಬಾಲಿಸಿದರೆ ಸಾಕು. ಟಾರ್ಚಿನ ಪ್ರಖರ ಬೆಳಕು ಬಿದ್ದರೆ ಅವು ಚದುರುತ್ತವೆಯಾದ್ದರಿಂದ, ಗಾಜಿಗೆ ತೆಳುವಾದ ಕೆಂಪು ಕಾಗದ ಸುತ್ತಿಕೊಳ್ಳುವುದು ಲೇಸು. ಶಂಕೆಯಿರುವ ಜಾಗದಲ್ಲಿ ಮರವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬರುವುದಲ್ಲದೆ, ಕಿವಿಗೊಟ್ಟರೆ ಗಲಿಬಿಲಿಗೊಂಡ ಇರುವೆಗಳ ಸಣ್ಣ ಸರಸರ ಸದ್ದೂ ಕೇಳಿಸಬಹುದು. ಮೊನೆಯಿಂದ ಒತ್ತಿದಾಗ ಮರ ಮೆತ್ತಗೆ ಒಳಹೋದರೆ ಅಲ್ಲಿ ಕೊಳೆತವಿದೆ ಎಂದರ್ಥ. ನೀರಿನ ಕೊಳವೆಗಳು ಹಾದುಹೋಗುವ ಗೋಡೆ, ಸ್ನಾನದ ಮನೆಯ ಚೌಕಟ್ಟು, ಸಿಂಕಿನ ಕೆಳಭಾಗ, ಸೋರುವ ಸೂರಿನ ಜಂತೆ, ಮಳೆನೀರು ಬಡಿಯುವ ಕಿಟಕಿಯ ಹೊಸ್ತಿಲು, ಇವನ್ನು ಮೊದಲು ನೋಡಬೇಕು.

ಗೂಡು ಸಿಕ್ಕಿದರೆ ಅದರೊಳಕ್ಕೇ ಪುಡಿರೂಪದ ಔಷಧಿಯನ್ನು ಊದುವುದು ಅತ್ಯಂತ ಪರಿಣಾಮಕಾರಿ. ಇದನ್ನು ತಿಳಿದವರಿಂದಲೇ ಮಾಡಿಸಬೇಕು, ಅದರಲ್ಲೂ ಗೋಡೆಯೊಳಗೆ ವಿದ್ಯುತ್ ತಂತಿಗಳಿರುವ ಕಡೆ. ಗೂಡು ಸಿಗದಿದ್ದಾಗ ವಿಷಭರಿತ ಆಹಾರವೇ ದಾರಿ. ಬೆಳೆದ ಇರುವೆಗಳು ಘನ ಆಹಾರವನ್ನು ನುಂಗಲಾರವು. ದ್ರವವನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಬಂದು, ಬಾಯಿಂದ ಬಾಯಿಗೆ ಹಂಚುತ್ತವೆ. ಹೀಗೆ ಹಂಚಿಕೊಳ್ಳುವ ಸ್ವಭಾವವೇ ನಮಗೆ ನೆರವಾಗುವುದು. ಸಕ್ಕರೆ ಪಾಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಬೋರಿಕ್ ಆಮ್ಲ ಬೆರೆತಿದ್ದರೆ, ಅದು ನಿಧಾನವಾಗಿ ಕೆಲಸ ಮಾಡುವುದರಿಂದ ರಾಣಿಯವರೆಗೂ ತಲುಪುವ ಅವಕಾಶವಿರುತ್ತದೆ. ಹೆಚ್ಚು ಬೆರೆಸಿದರೆ ಬೇಗ ಫಲ ಸಿಗುವುದೆಂಬ ನಂಬಿಕೆ ತಪ್ಪು: ತಿಂದ ಇರುವೆ ಗೂಡು ತಲುಪುವ ಮೊದಲೇ ಸಾಯುತ್ತದೆ, ಇಲ್ಲವೇ ಇರುವೆಗಳು ಅದನ್ನು ಮುಟ್ಟುವುದೇ ಇಲ್ಲ. ಕೆಲವು ಕಾಲದಲ್ಲಿ ಇವು ಸಿಹಿಯನ್ನು ಬಿಟ್ಟು ಪ್ರೋಟೀನ್ ಇರುವ ಆಹಾರವನ್ನು ಬಯಸುತ್ತವೆ. ಆದ್ದರಿಂದ ವಿಷವಿಲ್ಲದೆ ಎರಡನ್ನೂ ಇಟ್ಟು, ಯಾವುದಕ್ಕೆ ಬರುತ್ತವೆಂದು ನೋಡಿ, ಅದಕ್ಕೆ ತಕ್ಕ ಔಷಧಿಯನ್ನು ಆರಿಸಬೇಕು. ವಿಷಾಹಾರ ಇಟ್ಟ ಕಡೆ ಸ್ಪ್ರೇ ಹೊಡೆಯಲೇಬಾರದು. ಹೊಡೆದರೆ ಇರುವೆಗಳು ಆ ದಾರಿಯನ್ನೇ ಬಿಟ್ಟು, ಹಂಚಿಕೆ ಅಲ್ಲಿಗೇ ನಿಂತುಹೋಗುತ್ತದೆ. ಫಲ ಕಾಣಲು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಈ ಪಾಕ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಇರುವೆ ನುಸುಳುವಷ್ಟೇ ತೂತು ಮಾಡಿ ಇಡಬೇಕೆಂದು ಒತ್ತಿ ಹೇಳುತ್ತೇನೆ. ಸಿಹಿಯಾಗಿರುವುದರಿಂದಲೇ ಅದು ಅಪಾಯಕಾರಿ.

ಇಷ್ಟೆಲ್ಲ ಮಾಡಿಯೂ ತೇವವನ್ನು ಹಾಗೇ ಬಿಟ್ಟರೆ ಮಾಡಿದ್ದೆಲ್ಲ ತಾತ್ಕಾಲಿಕ. ಬಡಗಿ ಇರುವೆಗಳು ಗಟ್ಟಿಮರವನ್ನೂ ಕೊರೆಯಬಲ್ಲವು, ನಿಜ. ಆದರೆ ಮೊದಲು ಕೈಹಾಕುವುದು ಸಾಮಾನ್ಯವಾಗಿ ನೀರು ಕುಡಿದು ಕೊಳೆಯತೊಡಗಿದ ಮರಕ್ಕೇ. ಮರದ ತೇವಾಂಶ 20 ಪ್ರತಿಶತಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಗಳು ಅದರಲ್ಲಿ ಬೇರೂರಲಾರವು. ಮನೆಯಲ್ಲಿ ಇರುವೆ ಬಂದಿದೆಯೆಂದು ಕರೆದಾಗ ನಾನು ಮೊದಲು ಕೇಳುವುದು ನೀರು ಎಲ್ಲಿ ಸೋರುತ್ತಿದೆಯೆಂದು, ಮತ್ತು ಹಲವರಿಗೆ ಈ ಪ್ರಶ್ನೆ ಅಸಂಬದ್ಧವಾಗಿ ಕೇಳಿಸುತ್ತದೆ. ವಾಸ್ತವದಲ್ಲಿ ಇರುವೆಗಳು ತೋರಿಸಿಕೊಟ್ಟದ್ದರಿಂದಲೇ ಗೋಡೆಯೊಳಗಿನ ಒಡೆದ ಕೊಳವೆ ಪತ್ತೆಯಾಗುವುದುಂಟು. ಸೋರಿಕೆಯನ್ನು ನಿಲ್ಲಿಸಿ, ಕೊಳೆತ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು, ಒಣಗಿದ ಮರವನ್ನು ಜೋಡಿಸಿ, ಗಾಳಿಯಾಡಲು ದಾರಿ ಮಾಡಬೇಕು. ಕೊಳೆತ ಮರದ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ಒಳಗಿನ ತೇವವನ್ನು ಹಾಗೇ ಹಿಡಿದಿಡುತ್ತದೆ. ಈ ಕೆಲಸವನ್ನು ಯಾರೂ ಒಪ್ಪಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೊರಗಿನ ಕೆಲಸವೂ ಸ್ವಲ್ಪವಿದೆ. ಸೂರಿಗೆ ತಾಗುವ ಕೊಂಬೆಗಳೂ ಗೋಡೆಗೆ ಒರಗಿಸಿದ ಸೌದೆಯೂ ಇರುವೆಗಳಿಗೆ ಸೇತುವೆಯಾಗುತ್ತವೆ. ಕೊಂಬೆಗಳನ್ನು ಸವರಿ, ಸೌದೆಯನ್ನು ನೆಲದಿಂದ ಎತ್ತರಿಸಿ ಮನೆಯಿಂದ ದೂರದಲ್ಲಿಡಬೇಕು. ಗಿಡಗಳಲ್ಲಿ ಸಸ್ಯಹೇನುಗಳು ತುಂಬಿದ್ದರೆ ಅವು ಸ್ರವಿಸುವ ಸಿಹಿ ಅಂಟಿಗಾಗಿ ಈ ಇರುವೆಗಳು ಅಲ್ಲಿ ಸದಾ ನೆರೆಯುತ್ತವೆ, ಅವನ್ನೂ ಗಮನಿಸಬೇಕು. ಆದರೆ ಮನೆಯಿಂದ ದೂರದ ಮರದಲ್ಲಿರುವ ಗೂಡನ್ನು ಹುಡುಕಿ ಕೊಲ್ಲುವ ಅಗತ್ಯವಿಲ್ಲ. ಬಿದ್ದ ಮರಗಳನ್ನು ಮಣ್ಣಾಗಿಸುವುದರಲ್ಲಿ ಈ ಇರುವೆಗಳಿಗೂ ಪಾಲಿದೆ, ಬೇರೆ ಕೀಟಗಳನ್ನು ಬೇಟೆಯಾಡುವುದರಲ್ಲಿಯೂ ಇದೆ. ನಮ್ಮ ತಕರಾರು ಮನೆಯ ತೊಲೆಗಳಿಗೆ ಸಂಬಂಧಿಸಿದ್ದು ಮಾತ್ರ.

ಕೊನೆಯದಾಗಿ, ಕೀಟ ನಿಯಂತ್ರಣದ ಕೆಲಸ ಮಾಡುವವರಲ್ಲಿ ಒಂದು ವಿನಂತಿ. ಔಷಧಿ ಹೊಡೆದು ಹೊರಡುವ ಮೊದಲು ಗೂಡು ಎಲ್ಲಿತ್ತು, ತೇವ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮನೆಯವರಿಗೆ ಬರೆದು ಕೊಡಿ. ಗೂಡು ಸಿಗಲಿಲ್ಲವಾದರೆ ಸಿಗಲಿಲ್ಲವೆಂದೇ ಬರೆಯಿರಿ. ಮನೆಯವರೂ ಈ ಬರಹವನ್ನು ಕೇಳಿ ಪಡೆದು, ಮುಂದೆ ದುರಸ್ತಿಗೆ ಬರುವ ಮರಗೆಲಸದವರಿಗೂ ಕೊಳಾಯಿ ಕೆಲಸದವರಿಗೂ ಅದನ್ನು ತೋರಿಸಬೇಕು. ಚಿಕಿತ್ಸೆಯಾದ ಮೇಲೂ ಪುಡಿ ಬೀಳುತ್ತಿದ್ದ ಜಾಗವನ್ನು ಗುಡಿಸಿ ಚೊಕ್ಕಟ ಮಾಡಿಟ್ಟು, ಹೊಸ ಪುಡಿ ಬೀಳುತ್ತದೆಯೇ ಎಂದು ಮುಂದಿನ ಮಳೆಗಾಲ ಕಳೆಯುವವರೆಗೂ ಆಗಾಗ ನೋಡುತ್ತಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಕಟ್ಟಡ ದುರಸ್ತಿ ಕೆಲಸದಲ್ಲಿರುವ ಒಬ್ಬ ಓದುಗ