ಹಗೇವು ತೆಗೆಯುವ ದಿನ ಬಾ

ದೋಸ್ತಾ,

ಅವತ್ತು ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಎತ್ತಿಗೆ ಲಾಳ ಹೊಡೆಸುತ್ತಿದ್ದೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಫೋನು. ನೀನು ಅತ್ತಿಂದ, "ಹನ್ನೊಂದು ಮನಿ ಸೇರಿ ಎಲ್ಲಾ ನೀವೇ ಬೆಳಕೊಂಡು ತಿಂತೀರಂತಲ್ಲೋ, ನಾನೂ ನೌಕರಿ ಬಿಟ್ಟು ಬರ್ಲೇನು?" ಅಂದೆ. ನಾನು "ಆಮೇಲೆ ಹೇಳ್ತೀನಿ ತಡಿ" ಅಂದು ಇಟ್ಟುಬಿಟ್ಟೆ. ಇದೇ ಮಾತನ್ನು ಇನ್ನೂ ಮೂರ್ನಾಲ್ಕು ಮಂದಿ ಕೇಳಿದ್ದಾರೆ. ಅದಕ್ಕೆ ಈ ಪತ್ರ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ, ನಿನ್ನ ಹೆಸರು ಹಾಕಿಲ್ಲ.

ಮೊದಲು ಸುದ್ದಿ ಎಷ್ಟು ನಿಜ ಅಂತ ಹೇಳಿಬಿಡುತ್ತೇನೆ. ಹನ್ನೊಂದು ಮನೆ ಹೌದು. ಮಕ್ಕಳು ಮುದುಕರು ಎಲ್ಲಾ ಸೇರಿ 58 ಜನ. ಜೋಳ, ತೊಗರಿ, ಕಡಲೆ, ಹೆಸರು, ಕುಸುಬಿ ಎಣ್ಣೆ, ಹಾಲು, ಕಾಯಿಪಲ್ಯೆ, ಇಷ್ಟು ಹೆಚ್ಚುಕಡಿಮೆ ನಮ್ಮದೇ. ಉಪ್ಪು, ಸಕ್ಕರೆ, ಚಹಾಪುಡಿ, ಡೀಸೆಲ್, ಗುಳಿಗೆ, ಫೋನಿನ ರೀಚಾರ್ಜು ನಮ್ಮದಲ್ಲ. ಚಹಾದ ಮಾತು ಬಂದರೆ ಎಲ್ಲರೂ ನೆಲ ನೋಡುತ್ತೇವೆ. ಬೀದರ್ ಜಿಲ್ಲೆಯವನಿಗೆ ಚಹಾ ಬಿಡು ಅನ್ನೋದೂ ಒಂದೇ, ಊರು ಬಿಡು ಅನ್ನೋದೂ ಒಂದೇ. ಮತ್ತೆ, ಸೋಯಾ ಬೆಳೆಯೋದನ್ನೂ ನಾವು ಬಿಟ್ಟಿಲ್ಲ. ಭಾಲ್ಕಿ ಕಡೆ ಮುಂಗಾರಿನಲ್ಲಿ ಎಲ್ಲಿ ನೋಡಿದರೂ ಸೋಯಾನೇ. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಅಡುಗೆಗೆ ಹಾಕೋದಿಲ್ಲ. ಆದರೆ ಕಾಲೇಜಿನ ಫೀಸು ಅದರಿಂದಲೇ ಬರಬೇಕು. ಇದನ್ನು ಮುಚ್ಚಿಟ್ಟು ಬರೀ ಜೋಳದ ತೆನೆಯ ಫೋಟೋ ಕಳಿಸಿದ್ದು ನನ್ನ ತಪ್ಪು.

ಬೆಳೆಯೋದು ದೊಡ್ಡ ಮಾತಲ್ಲ ಕಣೋ. ಲೆಕ್ಕ ಹಾಕು. ತಲೆಗೆ ತಿಂಗಳಿಗೆ 10 ಕೆ.ಜಿ. ಜೋಳ ಅಂದರೆ 58 ಜನಕ್ಕೆ ವರ್ಷಕ್ಕೆ 70 ಕ್ವಿಂಟಲ್. ನಮ್ಮ ಎರೆ ಹೊಲದ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳ ಎಕರೆಗೆ ನಾಲ್ಕೂವರೆ ಕ್ವಿಂಟಲ್ ಹಿಡಿದರೂ 16 ಎಕರೆ ಸಾಕು. ಸುತ್ತಲೂ ನಾಲ್ಕು ಸಾಲು ಕುಸುಬಿ ಹಾಕಿದರೆ ಮುಳ್ಳಿಗೆ ಹೆದರಿ ದನ ಒಳಗೆ ಬರೋದಿಲ್ಲ, ಬೇಲಿಯೂ ಆಯಿತು ಎಣ್ಣೆಯೂ ಆಯಿತು. ಇದನ್ನೆಲ್ಲ ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ಮಾಡುತ್ತಿದ್ದರು. ನಾವು ಎಡವಿದ್ದು ಬೆಳೆದ ಮೇಲೆ.

ಮೊದಲ ವರ್ಷ ರಾಶಿ ಆಯಿತು. ಎಲ್ಲರಿಗೂ ಖುಷಿಯೋ ಖುಷಿ. ಆದರೆ ಇಡೋದು ಎಲ್ಲಿ? ಮುತ್ಯಾನ ಕಾಲದ, ಕಾಳು ತುಂಬಿಡುವ ಗುಮ್ಮಿಗಳು ಮುರಿದು ಹೋಗಿದ್ದವು. ಹೊಸ ಮನೆಗಳಲ್ಲಿ ಟಿವಿಗೆ ಜಾಗ ಇದೆ, ಕಾಳಿಗೆ ಇಲ್ಲ. ಪ್ಲಾಸ್ಟಿಕ್ ಚೀಲ ತುಂಬಿ ಪಡಸಾಲೆಯಲ್ಲಿ ಒಟ್ಟಿದೆವು. ಬೇಸಿಗೆ ಕಳೆಯುವ ಮೊದಲೇ ಹುಳ ಬಿತ್ತು. ಹೆದರಿ ಅರ್ಧಕ್ಕರ್ಧ ಮಾರಿದೆವು. ಶ್ರಾವಣದಲ್ಲಿ ಮನೆಯಲ್ಲಿ ಜೋಳ ತೀರಿತು. ನಾವೇ ಮಾರಿದಂಥ ಜೋಳವನ್ನು ಅದೇ ಪೇಟೆಯಿಂದ ಜಾಸ್ತಿ ರೊಕ್ಕ ಕೊಟ್ಟು ತಂದೆವು. ಅವತ್ತು ನಮ್ಮ ಆಯಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿ, "ಹೊಲ ಅದ, ಹೊಟ್ಟಿ ಅದ, ನಡುವ ಏನೂ ಇಲ್ಲ ನಿಮಗ" ಅಂದಳು. ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ನಾಲ್ಕು ವರ್ಷದಲ್ಲಿ ನಮ್ಮ ಕೆಲಸದ ಬಗ್ಗೆ ಇಷ್ಟು ಸರಿಯಾಗಿ ಇನ್ಯಾರೂ ಹೇಳಿಲ್ಲ. ನಡುವೆ ಇರಬೇಕಾದ್ದೇನು ಅಂತ ಹುಡುಕೋದೇ ಅಲ್ಲಿಂದ ನಮ್ಮ ಕೆಲಸ ಆಯಿತು.

ಹಗೇವು ನಿನಗೆ ನೆನಪಿದೆಯಾ? ನೆಲದೊಳಗೆ ಕಾಳು ಇಡುವ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳು ಇಳಿದರೆ ತಲೆ ಕಾಣದಷ್ಟು ಆಳ. ಊರಲ್ಲಿ ಹಳೆಯವು ಏಳೆಂಟು ಇದ್ದವಂತೆ. ಈಗ ಅವುಗಳ ಮೇಲೆ ಸಿಸಿ ರೋಡು ಹೋಗಿದೆ. ನಮ್ಮದೇ ಒಂದು ತೋಡೋಣ ಅಂದುಕೊಂಡೆವು. ಎರಡನೇ ವರ್ಷ ತೋಡಿದೆವು, ಯಾರನ್ನೂ ಕೇಳದೆ, ಹೊಲದ ಬದುವಿನ ಹತ್ತಿರ, ಎರೆಮಣ್ಣಿನಲ್ಲಿ. ತೋಡಲು ಹಗುರ ಅಂತ ಅಲ್ಲಿ ತೋಡಿದ್ದು, ಇನ್ನೇನಿಲ್ಲ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಚಿಕ್ಕ ಹುಡುಗನಿಗೂ ಗೊತ್ತಿರುವ ವಿಷಯ! ಮೃಗಶಿರಾ ಮಳೆಗೆ ಬಿರುಕಿನಲ್ಲಿ ನೀರಿಳಿದು ನಾಲ್ಕು ಕ್ವಿಂಟಲ್ ಜೋಳ ಕಪ್ಪಾಗಿ ಮುದ್ದೆಯಾಯಿತು. ಆ ವಾಸನೆ ವಾರಗಟ್ಟಲೆ ಮೂಗಿನಿಂದ ಹೋಗಲಿಲ್ಲ. ಎಮ್ಮೆಯೂ ಮೂಸಿ ನೋಡಲಿಲ್ಲ. ಎರಡು ಮನೆಯವರು ಅವತ್ತೇ "ನಮ್ಮ ಪಾಲಿಂದು ನಾವು ಮಾರ್ಕೋತೀವಿ" ಅಂದರು. ಒಂದು ಮನೆಯವರು ಆಮೇಲೆ ತಿರುಗಿ ಬಂದರು. ಇನ್ನೊಬ್ಬರ ಜಾಗಕ್ಕೆ ಬೇರೆಯವರು ಸೇರಿದರು.

ಆಮೇಲೆ ಬುದ್ಧಿ ಬಂದು ಓಣಿಯ ಹಿರಿಯ ಕಾಕಾನನ್ನು ಕೇಳಿದೆವು. ಹಗೇವು ತೋಡುವ ಕೆಲಸದಲ್ಲಿ ಕೈಯಾಡಿಸಿದವರು ಊರಲ್ಲಿ ಉಳಿದಿರೋದು ಅವರೊಬ್ಬರೇ. ಅವರು ಮಡ್ಡಿಯ ಮೇಲೆ, ನೀರು ನಿಲ್ಲದ ಎತ್ತರದ ಜಾಗ ತೋರಿಸಿದರು. ಅಲ್ಲಿ ಗುದ್ದಲಿಯೇ ಇಳಿಯೋದಿಲ್ಲ. ಹನ್ನೆರಡು ದಿನ ಹಿಡಿಯಿತು. ತೋಡಿದ ಮೇಲೆ ಒಳಗೆ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಉರಿಸಿ ಗೋಡೆ ಒಣಗಿಸಿದೆವು. ತಳಕ್ಕೆ, ಸುತ್ತಲೂ ದಪ್ಪಗೆ ಒಣಹುಲ್ಲು ಒತ್ತಿ ಕಾಳು ಸುರಿದೆವು. ಮೇಲೆ ಮತ್ತೆ ಹುಲ್ಲು, ಕಲ್ಲು, ಮಣ್ಣು. ಗಾಳಿ ಆಡಬಾರದು. ಅದರ ಗುಟ್ಟು ಕೇಳಿದರೆ ನಿನಗೆ ಇಷ್ಟವಾಗುತ್ತದೆ. ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತದೆ. ಔಷಧಿ ಬೇಡ, ಕರೆಂಟು ಬೇಡ. ಆದರೆ ಹುಳ ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಬಿಡೋದಿಲ್ಲ. ಹಗೇವು ತೆಗೆದ ಕೂಡಲೇ ಇಳಿದು ಸತ್ತವರಿದ್ದಾರೆ. ಬಾಯಿ ತೆಗೆದು ಒಂದು ದಿನ ಬಿಡಬೇಕು, ಆಮೇಲೆ ಕಂದೀಲು ಇಳಿಬಿಡಬೇಕು, ಆರಿತೋ, ಯಾರೂ ಇಳಿಯಬಾರದು. ಕಾಕಾ ಇದನ್ನು ನಮಗೆ ನೂರು ಸಲ ಹೇಳಿದ್ದಾರೆ.

ಬೀಜದ ಜೋಳ ಅದರಲ್ಲಿ ಇಡೋದಿಲ್ಲ, ಮೊಳಕೆ ಕಡಿಮೆಯಾಗುತ್ತದೆ. ಬೀಜ ಮನೆಯೊಳಗೇ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಇಡುತ್ತೇವೆ. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡೋದು, ನಾಲ್ಕೈದು ದಿನಕ್ಕೆ ಎಷ್ಟು ಮೊಳೆತವು ಅಂತ ನೋಡೋದು. ಎಣಿಸುವ ಕೆಲಸ ಮಕ್ಕಳದು. ಜೋಳ ಸಲೀಸು. ತೊಗರಿ ಮಾತ್ರ ಸತಾಯಿಸುತ್ತದೆ. ಜೇನುನೊಣ ಪಕ್ಕದ ಹೊಲದ ಪರಾಗ ತಂದು ಬೆರೆಸಿಬಿಡುತ್ತದೆ, ಎರಡು ಮೂರು ವರ್ಷದಲ್ಲಿ ನಿನ್ನ ತಳಿ ನಿನ್ನದಾಗಿ ಉಳಿಯೋದಿಲ್ಲ.

ಇದನ್ನೆಲ್ಲ ನಾವೇ ಕಂಡುಹಿಡಿದೆವು ಅಂದುಕೊಳ್ಳಬೇಡ. ಬೀದರಿನಿಂದ ಸುಮಾರು 30 ಕಿ.ಮೀ. ದಾಟಿದರೆ ತೆಲಂಗಾಣದ ಜಹೀರಾಬಾದ್, ಅದರ ಪಕ್ಕ ಪಸ್ತಾಪುರ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತರು, 1980ರ ದಶಕದಿಂದ ಸಿರಿಧಾನ್ಯದ ಬೀಜ ಉಳಿಸಿಕೊಂಡು ಬಂದಿದ್ದಾರೆ. 2008ರಲ್ಲಿ ತಮ್ಮದೇ ರೇಡಿಯೋ ಶುರು ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಅವರ ಕಾಳಿನ ಲೆಕ್ಕ. ಬೀಳುಬಿದ್ದ ಹೊಲ ಹದ ಮಾಡಲು ಸಾಲ ಕೊಡುವುದು, ಸಾಲವನ್ನು ಜೋಳದ ರೂಪದಲ್ಲಿ ವಾಪಸ್ ಪಡೆಯುವುದು, ಆ ಜೋಳವನ್ನು ಊರಲ್ಲೇ ಇಟ್ಟು ಬಡವರ ಮನೆಗೆ ಕಡಿಮೆ ದರಕ್ಕೆ ಕೊಡುವುದು. ಯಾರ ಮನೆ ಬಡವರದು ಅಂತ ಊರವರೇ ಕೂತು ಹೇಳುತ್ತಾರೆ.

ಅದನ್ನು ಕೇಳಿ ಬಂದ ಮೇಲೆ ನಮ್ಮಲ್ಲಿ ಜಗಳ ಶುರುವಾಯಿತು. ನಮ್ಮ ಹನ್ನೊಂದರಲ್ಲಿ ಎರಡು ಮನೆಗೆ ಹೊಲವೇ ಇಲ್ಲ. ಹಗೇವು ತೋಡುವಾಗ ಹೆಚ್ಚು ಬೆವರು ಸುರಿಸಿದ್ದು ಆ ಮನೆಯವರೇ. ಅವರ ಪಾಲೇನು? ಹಳೇ ಕಾಲ ಚಂದ ಇತ್ತು ಅಂತ ನಾನು ಏನೋ ಹೇಳಲು ಹೋದೆ. ಕಾಕಾ ತಡೆದರು. "ಚಂದ ಇತ್ತು, ಗೌಡರಿಗೆ. ಹಗೇವು ಅವರ ಅಂಗಳದಾಗ ಇತ್ತು. ನಮ್ಮಪ್ಪ ಒಂದು ಚೀಲ ಒಯ್ದ್ರ ರಾಶಿ ದಿನ ಒಂದೂವರಿ ಚೀಲ ಕೊಡ್ತಿದ್ದ." ನಾನು ಸುಮ್ಮನಾದೆ. ಕಡೆಗೆ ಹೀಗೆ ಮಾಡಿಕೊಂಡೆವು: ಹಗೇವು ಯಾರ ಅಂಗಳದಲ್ಲೂ ಇರಬಾರದು, ಒಂದು ಚೀಲ ಒಯ್ದವರು ಒಂದೇ ಚೀಲ ತರಬೇಕು, ಹೊಲ ಇಲ್ಲದವರ ದುಡಿಮೆ ಪುಸ್ತಕದಲ್ಲಿ ಕಾಳಾಗಿ ಬರೆಯಬೇಕು. ಪುಸ್ತಕ ಬರೆಯುವುದು ಆ ಎರಡು ಮನೆಯಲ್ಲೊಂದರ ಸೊಸೆ. ಬಿ.ಕಾಂ. ಓದಿದ್ದಾಳೆ. ಎರಡು ಸೇರು ಹೆಚ್ಚುಕಡಿಮೆಯಾದರೂ ಬಿಡೋದಿಲ್ಲ, ನನ್ನನ್ನೇ ಒಮ್ಮೆ ಹಿಡಿದಳು.

ಇನ್ನೊಂದು ಜಗಳ ಇನ್ನೂ ಮುಗಿದಿಲ್ಲ. ಬಸವಕಲ್ಯಾಣ ನಮಗೆ ಪಕ್ಕದಲ್ಲೇ ಇದೆ. ಆಯ್ದಕ್ಕಿ ಲಕ್ಕಮ್ಮನ ಕತೆ ನಿನಗೂ ಗೊತ್ತು. 12ನೇ ಶತಮಾನದಲ್ಲಿ ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುತ್ತಿದ್ದ. ಒಂದು ದಿನ ದಿನದ್ದಕ್ಕಿಂತ ಜಾಸ್ತಿ ತಂದ. ಅವಳು ಅದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು. ನಮ್ಮ ಆಯಿ ಈ ಕತೆ ಹಿಡಿದುಕೊಂಡು ಕೂತಿದ್ದಾಳೆ. "ಲಕ್ಕಮ್ಮ ನಾಳಿಗಿ ಅಂತ ಇಟ್ಕೊಳ್ಳಿಲ್ಲ. ನೀವು ಎರಡು ವರ್ಷಕ್ಕ ಹೂಳಿಡ್ತೀರಿ. ಇದು ಆಸಿ ಅಲ್ಲೇನು?" ಅನ್ನುತ್ತಾಳೆ. ಬಿ.ಕಾಂ. ಸೊಸೆ ಬಿಡ್ತಾಳಾ? "ಆಯಿ, ಲಕ್ಕಮ್ಮಗ ಕಲ್ಯಾಣ ಇತ್ತು. ನಾಳಿ ಅಕ್ಕಿ ಅಂಗಳದಾಗ ಬೀಳ್ತದಂತ ಗೊತ್ತಿತ್ತು. ನಮಗ ಮಳಿ ಬರ್ತದೋ ಇಲ್ಲೋ ಗೊತ್ತಿಲ್ಲ." ನಾನು ಇಬ್ಬರ ಕಡೆಗೂ ತಲೆಯಾಡಿಸಿ ಹೊರಗೆ ಹೋಗುತ್ತೇನೆ. ನಿಜ ಹೇಳಲಾ, ನನಗೆ ಇಬ್ಬರೂ ಸರಿ ಅನಿಸುತ್ತಾರೆ. ಎಷ್ಟು ಇಟ್ಟರೆ ಎಚ್ಚರ, ಎಷ್ಟು ಇಟ್ಟರೆ ಆಸೆ? ಸದ್ಯಕ್ಕೆ ಎರಡು ವರ್ಷದ ಕಾಳು ಅಂತ ಗೆರೆ ಎಳೆದಿದ್ದೇವೆ. ಆಯಿ ಒಪ್ಪಿಲ್ಲ.

ನೀರಿನ ಕತೆ ಉದ್ದ, ಇಲ್ಲಿ ಬೇಡ. ಬದು ಹಾಕಿದ್ದೇವೆ, ಹಳೆ ಬಾವಿಯ ಹೂಳು ತೆಗೆದಿದ್ದೇವೆ. ನೀನು ಬಂದಾಗ ಬೀದರಿನ ನೌಬಾದಿಗೆ ಕರೆದುಕೊಂಡು ಹೋಗುತ್ತೇನೆ. ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಅಲ್ಲಿದೆ, ಕರೇಜ್ ಅನ್ನುತ್ತಾರೆ. ಮೇಲಿನ ಮುರಕಲ್ಲಿನಲ್ಲಿ ಇಂಗಿದ ಮಳೆ ನೀರನ್ನು ನೆಲದೊಳಗಿನ ಸುರಂಗದಲ್ಲಿ ಇಳಿಜಾರಿಗೆ ಹರಿಸಿಕೊಂಡಿದ್ದಾರೆ. ಪಂಪು ಇಲ್ಲ, ಬಿಸಿಲಿಗೆ ಆರುವ ಮಾತೂ ಇಲ್ಲ. ಅಲ್ಲಲ್ಲಿ ಗಾಳಿಗೆ, ಬೆಳಕಿಗೆ ಬಾವಿಯಂಥ ಕಿಂಡಿಗಳು. ನಾವು ಹುಡುಗರಾಗಿದ್ದಾಗ ಅವುಗಳೊಳಗೆ ಕಲ್ಲು ಎಸೆದು ಸದ್ದು ಕೇಳುತ್ತಿದ್ದೆವು, ಅಲ್ವಾ?

ಒಂದು ಎಚ್ಚರಿಕೆ ಹೇಳಲೇಬೇಕು. ಇಂಥ ಬದುಕಿನ ಕನಸು ಹೆಚ್ಚಾಗಿ ಗಂಡಸರದು, ಕೆಲಸ ಹೆಚ್ಚಾಗಿ ಹೆಂಗಸರದು. ನಮ್ಮಲ್ಲೊಬ್ಬ ಉತ್ಸಾಹದಲ್ಲಿ, ಗಿರಣಿ ಬಿಟ್ಟು ಬೀಸುವ ಕಲ್ಲು ಶುರು ಮಾಡೋಣ, ಹಿಟ್ಟಿಗೆ ರುಚಿ ಬರುತ್ತದೆ ಅಂದ. ಅವನ ಹೆಂಡತಿ ಎಲ್ಲರೆದುರು ಕಲ್ಲು ತಂದಿಟ್ಟು, "ಬೀಸ್ರಿ" ಅಂದಳು. ಅರ್ಧ ಸೇರಿಗೆ ಅವನ ಅಂಗಿ ತೊಯ್ದು ಹೋಯಿತು. ಗಿರಣಿ ನಡೆಯುತ್ತಿದೆ. ನಿನ್ನ ಮನೆಯವರನ್ನು ಕೇಳದೆ ರಾಜೀನಾಮೆ ಬರೆಯಬೇಡ ಅಂತ ಅದಕ್ಕೇ ಹೇಳುತ್ತಿದ್ದೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೌಕರಿ ಬಿಡಬೇಡ, ಈಗಲೇ ಬಿಡಬೇಡ. ಎಂಟು ದಿನ ರಜೆ ಹಾಕು. ಎಳ್ಳಮಾವಾಸ್ಯೆಗೆ ಎರಡು ದಿನ ಮೊದಲು ಹಗೇವಿನ ಬಾಯಿ ತೆಗೆಯುತ್ತೇವೆ. ಹೋದ ವರ್ಷದ ಯುಗಾದಿ ಹೊತ್ತಿಗೆ ಮುಚ್ಚಿದ್ದು, 30 ಕ್ವಿಂಟಲ್ ಇದೆ. ಒಳಗೆ ಬಿಳಿಜೋಳ ಇದೆಯೋ ಕಪ್ಪು ಮುದ್ದೆ ಇದೆಯೋ ಒಬ್ಬರಿಗೂ ಗೊತ್ತಿಲ್ಲ. ಕಾಕಾ ದಿನಾ ಸಂಜೆ ಅತ್ತ ಹೋಗಿ ಮುಚ್ಚಿದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿ ಬರುತ್ತಾರೆ, ಏನೂ ಹೇಳೋದಿಲ್ಲ. ನನಗಂತೂ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಚಲೋ ಇದ್ದರೆ ಅದರ ರೊಟ್ಟಿಯನ್ನೇ ಹೊಲಕ್ಕೆ ಒಯ್ದು, ಕಾಯಿಪಲ್ಯೆ ಕಾಳಿನ ಭಜ್ಜಿ ಜೊತೆ ತಿಂದು, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲೋಣ. ಕೆಟ್ಟಿದ್ದರೆ ಕುಣಿ ಖಾಲಿ ಮಾಡಲು ಇನ್ನೊಂದು ಆಳು ಬೇಕಾಗುತ್ತದೆ, ಹಳೆ ಅಂಗಿ ಇಟ್ಟುಕೊಂಡು ಬಾ. ಕಂದೀಲಿಗೆ ಸೀಮೆಎಣ್ಣೆ ಎಲ್ಲೂ ಸಿಗುತ್ತಿಲ್ಲ, ಅಲ್ಲಿ ಸಿಕ್ಕರೆ ವಿಚಾರಿಸು. ರೈಲಿನಲ್ಲಿ ತರಬೇಡ ಮತ್ತೆ, ಹಿಡಿದು ಇಳಿಸುತ್ತಾರೆ. ಚಹಾಪುಡಿ ಮಾತ್ರ ಅರ್ಧ ಕೆ.ಜಿ. ತಾ. ಆಯಿಗೆ ಕಾಣದ ಹಾಗೆ.

ನಿನ್ನ ದೋಸ್ತ