ಪಾಲಿನ ಕೇಸಿನ ಖರ್ಚು ಯಾರು ಕೊಡಬೇಕು?

ಮಾನ್ಯ ಸಂಪಾದಕರೇ,

ಮುಂಬೈಯ ನಮ್ಮ ಕನ್ನಡಿಗರ ಮನೆಗಳಲ್ಲಿ ಅಪ್ಪ ತೀರಿಕೊಂಡ ಮೇಲೆ ಫ್ಲ್ಯಾಟಿಗೋ ಹೋಟೆಲಿಗೋ ಪಾಲಿನ ಕೇಸು ಬೀಳುವುದು ಅಪರೂಪವಲ್ಲ. ಯಾರಿಗೆ ಎಷ್ಟು ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ತೀರ್ಪಿನ ಕೊನೆಯ ಸಾಲನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅವರವರ ಖರ್ಚು ಅವರವರದೇ ಎಂದು ಎಷ್ಟೋ ತೀರ್ಪುಗಳಲ್ಲಿ ಅಲ್ಲಿ ಬರೆದಿರುತ್ತದೆ, ಅಷ್ಟೇ.

ನನ್ನ ಅಕ್ಕ ಇರುವುದು ಕುಂದಾಪುರದಲ್ಲಿ. ಅಪ್ಪನ ಫ್ಲ್ಯಾಟಿನಲ್ಲಿ ತನ್ನ ಪಾಲು ಕೇಳಿದ್ದಕ್ಕೆ ವರ್ಷಗಟ್ಟಲೆ ರೈಲು ಹತ್ತಿ ಬಂದಳು. ಎದುರು ಕಡೆಯವರು ಕಾಗದಪತ್ರ ಕೊಡಲಿಲ್ಲ, ಬಂದಾಗಲೆಲ್ಲ ಹೊಸ ತಾರೀಖು ಕೇಳಿದರು. ಕೊನೆಗೆ ಅವಳ ಪಾಲು ಅವಳಿಗೆ ಸಿಕ್ಕಿತು. ವಕೀಲರ ಫೀಸು, ಓಡಾಟದ ಹಣ ಮಾತ್ರ ಆ ಪಾಲಿನಿಂದಲೇ ಹೋಯಿತು. ಸತಾಯಿಸಿದವರಿಗೆ ಏನೂ ತಟ್ಟಲಿಲ್ಲ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲ ಎಂದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಸೆಕ್ಷನ್ ಪ್ರಕಾರ ಖರ್ಚಿನ ವಿಷಯ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದರೆ ಸೋತವರಿಂದ ಖರ್ಚು ಕೊಡಿಸದಿದ್ದರೆ ಅದಕ್ಕೆ ಕಾರಣ ಬರೆಯಬೇಕು. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು. ಕೊಡಿಸುವ ಖರ್ಚು ನಿಜವಾಗಿ ಆದ, ನ್ಯಾಯವಾದ ಖರ್ಚಾಗಿರಬೇಕು. ಕೋರ್ಟ್ ಫೀ, ವಕೀಲರ ಫೀಸಿನ ಜೊತೆಗೆ ಗೆದ್ದವರ ಸಮಯ, ಪ್ರಯಾಣ, ವಸತಿ ಕೂಡ ಅದರಲ್ಲಿ ಸೇರಬೇಕು. ತಾರೀಖು ತಳ್ಳುವವರಿಂದ ಆ ದಿನದ ಖರ್ಚನ್ನು ಆಗಲೇ ಕೊಡಿಸಲು 35ಬಿ ಸೆಕ್ಷನ್ ಇದೆ. ಕಟ್ಟದಿದ್ದರೆ ಮುಂದೆ ವಾದ ನಡೆಸುವಂತಿಲ್ಲ.

ಎಲ್ಲ ಪಾಲಿನ ಕೇಸುಗಳಲ್ಲೂ ಒಬ್ಬರ ಮೇಲೆ ಹೊರೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ಬಂದು, ಎಲ್ಲರಿಗೂ ಪಾಲು ಸಿಕ್ಕರೆ ಅಲ್ಲಿ ಸೋತವರು ಯಾರು? ಅವರವರ ಖರ್ಚು ಅವರದೇ ಇರಲಿ. ಉಯಿಲಿನ ಬಗ್ಗೆ ನಿಜವಾದ ಅನುಮಾನವಿದ್ದು ಕೇಸು ಹೂಡಿದರೆ ಆಸ್ತಿಯಿಂದಲೇ ಖರ್ಚು ಕೊಡಿಸುವ ಪದ್ಧತಿಯೂ ಇದೆ. ಅದೂ ಸರಿಯೇ. ಬೇಕೆಂದೇ ಎಳೆದಾಡಿದವರಿಗೂ ಅದೇ ರಿಯಾಯಿತಿ ಯಾಕೆ?

ಸುಳ್ಳು ವಾದ ಹೂಡಿದವರಿಂದ 35ಎ ಸೆಕ್ಷನ್‌ನಡಿ ಕೊಡಿಸಬಹುದಾದ ಪರಿಹಾರಕ್ಕೆ 3,000 ರೂಪಾಯಿಯ ಮಿತಿ ಇದೆ. 1976ರ ತಿದ್ದುಪಡಿಯಲ್ಲಿ ಬಂದ ಮೊತ್ತ ಅದು. ಮುಂಬೈಯಲ್ಲಿ ಫ್ಲ್ಯಾಟು ಹಿಡಿದುಕೊಂಡು ಕೂತವರು ಇದಕ್ಕೆ ಹೆದರುತ್ತಾರಾ? ವ್ಯಾಪಾರದ ದೊಡ್ಡ ಕೇಸುಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಈ ಮಿತಿಯನ್ನು ತೆಗೆದುಹಾಕಿತು. ಕಕ್ಷಿಗಾರರ ನಡವಳಿಕೆ ಹೇಗಿತ್ತು, ನ್ಯಾಯವಾದ ರಾಜಿಯನ್ನು ಸುಮ್ನೆ ತಳ್ಳಿಹಾಕಿದರಾ ಎಂದು ನೋಡಲೂ ಹೇಳಿತು. ಕಂಪನಿಗಳ ಜಗಳಕ್ಕೆ ಇರುವ ಈ ನಿಯಮ ಅಕ್ಕ ತಂಗಿಯರ ಪಾಲಿನ ಕೇಸಿಗೂ ಬೇಕಲ್ವಾ? ಸಂಸತ್ತು ಇದನ್ನು ಎಲ್ಲ ಸಿವಿಲ್ ಕೇಸುಗಳಿಗೂ ತರಬೇಕು.

ಅಲ್ಲಿಯವರೆಗೆ ವಕೀಲರಲ್ಲಿ ಒಂದು ವಿನಂತಿ. ಕಕ್ಷಿಗಾರರಿಗೆ ಟಿಕೆಟು, ರಸೀದಿಗಳನ್ನು ಇಟ್ಟುಕೊಳ್ಳಲು ಮೊದಲ ದಿನವೇ ಹೇಳಿ. ವಾದ ಮುಗಿಸುವಾಗ ಖರ್ಚನ್ನೂ ಕೇಳಿ, ಪಟ್ಟಿ ಸಲ್ಲಿಸಿ. ಕೊಡದಿದ್ದರೆ ತೀರ್ಪಿನಲ್ಲಿ ಕಾರಣ ಬರೆಯುವಂತೆ ಕೋರಿ.

ಇತಿ,
ಓದುಗಿ, ಡೊಂಬಿವಲಿ